ಅದೃಷ್ಟ ಅಂತೆ, ಅದೃಷ್ಟ!

'ಅಂಥವರ ಜೊತೆ ಬರೆಯೋ ಅದೃಷ್ಟ ಎಷ್ಟು ಜನಕ್ಕೆ ಸಿಗುತ್ತೆ? ಕಣ್ಣು ಮುಚ್ಚಿ ಸಹಿ ಹಾಕು.' ಬೆಳಿಗ್ಗೆಯಿಂದ ಇದನ್ನೇ ಕೇಳಿ ಕೇಳಿ ತಲೆ ಕೆಟ್ಟಿದೆ. ಕಣ್ಣು ಮುಚ್ಚಿ ಸಹಿ ಹಾಕುವುದಾದರೆ ಅಷ್ಟುದ್ದದ ಕರಾರು ಯಾಕೆ ಕಳಿಸುತ್ತಾರೆ ಸ್ವಾಮಿ?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆ ಮಾರುವ ಥ್ರಿಲ್ಲರ್ ಲೇಖಕರೊಬ್ಬರ ಕಡೆಯಿಂದ ನನಗೆ ಕರೆ ಬಂದಿದೆ. ಹೆಸರು ಹೇಳುವಂತಿಲ್ಲ. ಔಟ್‌ಲೈನ್, ಅಂದರೆ ಕಥೆಯ ಹಂದರ, ಅವರದು. ಕಾದಂಬರಿ ಪೂರ್ತಿ ಬರೆಯುವುದು ನಾನು. ತಿದ್ದುವುದು ಅವರು. ನನಗೆ ಒಂದು ನಿಗದಿತ ಮೊತ್ತ ಅಷ್ಟೇ, ರಾಯಲ್ಟಿ ಇಲ್ಲ. ಮುಖಪುಟದಲ್ಲಿ ನನ್ನ ಹೆಸರು ಬರುವುದು ಪ್ರಕಾಶಕರ ಇಷ್ಟ. ನನ್ನ ಸ್ವಂತ ಕಾದಂಬರಿಗಳು ಎಷ್ಟು ಮಾರಿವೆ ಅಂತ ನಿಮಗೆ ಗೊತ್ತೇ ಇದೆ, ಕೊಂಡವರು ನೀವೇ ತಾನೆ.

ದುಡ್ಡು ತೆಗೆದುಕೊಂಡು ಇನ್ನೊಬ್ಬರ ಕಥೆ ಬರೆಯುವುದು ಕೀಳು ಕೆಲಸ ಅನ್ನುವ ಮಡಿವಂತಿಕೆ ನನಗಿಲ್ಲ. ಅಮೆರಿಕದ ಥ್ರಿಲ್ಲರ್ ಲೇಖಕ ಜೇಮ್ಸ್ ಪ್ಯಾಟರ್ಸನ್ ವರ್ಷಾನುಗಟ್ಟಲೆ ಹೀಗೇ ಪುಸ್ತಕ ತರುತ್ತಿದ್ದಾರೆ. ಅವರು ವಿವರವಾದ ಔಟ್‌ಲೈನ್ ಕೊಡುತ್ತಾರೆ, ಜೊತೆಗಾರರು ಕರಡು ಬರೆಯುತ್ತಾರೆ, ಅವರು ಮತ್ತೆ ತಿದ್ದುತ್ತಾರೆ. ಮುಚ್ಚುಮರೆ ಏನಿಲ್ಲ. ಅಕ್ಷರ ಸಣ್ಣದಾದರೂ ಜೊತೆಗಾರರ ಹೆಸರು ಮುಖಪುಟದಲ್ಲಿ ಇರುತ್ತದೆ. ನನ್ನ ಸಿಟ್ಟು ಕೆಲಸದ ಮೇಲಲ್ಲ. ಕರಾರಿನಲ್ಲಿ ಏನೇನು ಇಲ್ಲವೋ ಅದನ್ನೆಲ್ಲ 'ಅದೃಷ್ಟ' ಅಂತ ಹೇಳಿ ತುಂಬಿಸುತ್ತಾರಲ್ಲ, ಅದರ ಮೇಲೆ. ರಾಯಲ್ಟಿ ಇಲ್ಲವಾ? ಅದೃಷ್ಟ ಇದೆಯಲ್ಲ. ಹೆಸರು ಖಾತ್ರಿ ಇಲ್ಲವಾ? ಅದೃಷ್ಟ ಇದೆಯಲ್ಲ!

ಅಮೆರಿಕದ ಮಕ್ಕಳ ಪುಸ್ತಕಗಳ ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂ ಹೆಸರು ಕೇಳಿರುತ್ತೀರಿ. 1930ರಲ್ಲಿ ಬಂದ ಮೊದಲ ಪುಸ್ತಕಗಳ ಮೇಲೆ ಇದ್ದದ್ದು ಕ್ಯಾರೊಲಿನ್ ಕೀನ್ ಅನ್ನುವ ಹೆಸರು. ಅಂಥ ಲೇಖಕಿ ಇರಲೇ ಇಲ್ಲ. ಬರೆದದ್ದು ಮಿಲ್‌ಡ್ರೆಡ್ ವರ್ಟ್ ಬೆನ್ಸನ್. ಇಂಥ ಸರಣಿಗಳನ್ನು ಬರೆಸುತ್ತಿದ್ದ ಸ್ಟ್ರಾಟೆಮೆಯರ್ ಸಿಂಡಿಕೇಟ್ ಅನ್ನುವ ಕಂಪನಿಯವರು ಔಟ್‌ಲೈನ್ ಕೊಟ್ಟು, ಪುಸ್ತಕಕ್ಕೆ 125 ಡಾಲರ್ ಕೊಟ್ಟು, ಹಕ್ಕೆಲ್ಲ ಬರೆಸಿಕೊಂಡರು. ಮೊದಲ ಮೂವತ್ತು ಪುಸ್ತಕಗಳಲ್ಲಿ 23 ಆಕೆಯದೇ. ಇದು ಹೊರಗಿನವರಿಗೆ ಸರಿಯಾಗಿ ಗೊತ್ತಾಗಿದ್ದು 1980ರಲ್ಲಿ. ಅದೂ ಪ್ರಕಾಶಕರು ತಮ್ಮತಮ್ಮಲ್ಲೇ ಜಗಳಾಡಿ ಕೋರ್ಟಿಗೆ ಹೋಗಿ, ಈಕೆಯನ್ನು ಸಾಕ್ಷಿಗೆ ಕರೆದಿದ್ದರಿಂದ. ಇದೂ ಅದೃಷ್ಟವೇ ಇರಬೇಕು, ಅಲ್ವಾ?

'ಮಾಕೆ ನೋಡು, ಶ್ರೀಮಂತನಾಗಿ ಸತ್ತ' ಅಂದ ಒಬ್ಬ ಸ್ನೇಹಿತ. ನಿಜ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಜೊತೆ ತ್ರೀ ಮಸ್ಕಿಟಿಯರ್ಸ್ ಕಥೆ ಕಟ್ಟಿದ ಆಗುಸ್ಟ್ ಮಾಕೆ ದುಡ್ಡು ಉಳಿಸಿಕೊಂಡ, ಡ್ಯೂಮಾ ಸಾಲ ಮಾಡಿಕೊಂಡ. ಆದರೆ ಮಾಕೆ ಕೋರ್ಟಿಗೆ ಯಾಕೆ ಹೋದ? ಅವನಿಗೆ ಹೆಸರೂ ಬೇಕಿತ್ತು. 1858ರಲ್ಲಿ ಕೋರ್ಟು ಹಣ ಕೊಡಿಸಿತು, ಮುಖಪುಟದಲ್ಲಿ ಜಾಗ ಕೊಡಿಸಲಿಲ್ಲ. ಹಕ್ಕು ಕೇಳುವುದಿಲ್ಲ ಅಂತ 1845ರಲ್ಲೇ ಡ್ಯೂಮಾಗೆ ಕಾಗದ ಬರೆದುಕೊಟ್ಟಿದ್ದ ಪುಣ್ಯಾತ್ಮ. ಅವನಿಗೂ ಯಾರೋ 'ಕಣ್ಣು ಮುಚ್ಚಿ ಸಹಿ ಹಾಕು' ಅಂದಿರಬೇಕು.

ಇನ್ನು ಕಲಿಕೆಯ ವಿಷಯ. 'ದೊಡ್ಡವರ ಕೈಕೆಳಗೆ ಎಷ್ಟು ಕಲೀಬಹುದು!' ಒಪ್ಪುತ್ತೇನೆ, ಅಧ್ಯಾಯ ಎಲ್ಲಿ ಕತ್ತರಿಸಬೇಕು, ಓದುಗನನ್ನು ಹೇಗೆ ಹಿಡಿದಿಡಬೇಕು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಕೊಲೆ ಮಾಡಿದವರು ಯಾರು ಅಂತ ಮೊದಲೇ ಬರೆದುಕೊಟ್ಟರೆ ನಾನು ಕಲಿಯುವುದು ಏನು? ಟೈಪಿಂಗಾ? ಕಲಿಸುವ ಆಸೆ ಅಷ್ಟಿದ್ದರೆ ಔಟ್‌ಲೈನ್ ಹೆಣೆಯುವಾಗಲೇ ಕೂರಿಸಿಕೊಳ್ಳಲಿ.

'ಆಮೇಲೆ ನಿನ್ನ ಪುಸ್ತಕವೂ ಮಾರುತ್ತೆ' ಅನ್ನುವವರಿಗೆ ಉತ್ತರವನ್ನೇ ಕೊಡುವುದಿಲ್ಲ. ಇಂಥ ಪುಸ್ತಕ ಓದುವಾಗ ನಾವೇನು ಮಾಡುತ್ತೇವೆ? ಚೆನ್ನಾಗಿದ್ದರೆ ದೊಡ್ಡ ಹೆಸರಿನವರ ಕೈಚಳಕ, ಬೋರಾದರೆ 'ಇದು ಆ ಇನ್ನೊಬ್ಬ ಬರೆದ ಭಾಗ ಇರಬೇಕು'. ನಾನೂ ಹಾಗೇ ಅಂದುಕೊಂಡು ಓದುವವನು.

ಒಂದು ಮಾತು ಹೇಳಿಬಿಡಲಾ? ನನಗೆ ಆಸೆ ಇದೆ. ಭಯಂಕರ ಆಸೆ ಇದೆ. ಅವರ ಹೆಸರಿನ ಕೆಳಗೆ ನನ್ನ ಹೆಸರು ಹೇಗೆ ಕಾಣಬಹುದು ಅಂತ ಕಾಗದದ ಮೇಲೆ ಬರೆದು ನೋಡಿದ್ದೇನೆ, ಬೇರೆ ಬೇರೆ ಸೈಜಿನಲ್ಲಿ. ನಗಬೇಡಿ. ಆಸೆ ಇರುವುದಕ್ಕೇ ಕರಾರನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಅಮೆರಿಕದ ಕಾನೂನಿನಲ್ಲಿ, ಹಕ್ಕು ಬರೆದುಕೊಟ್ಟ ಲೇಖಕ 35 ವರ್ಷ ಆದಮೇಲೆ ಅದನ್ನು ವಾಪಸ್ ಪಡೆಯಲು ದಾರಿ ಇದೆ. ಕೆಲಸ 'ವರ್ಕ್ ಮೇಡ್ ಫಾರ್ ಹೈರ್', ಅಂದರೆ ಬರೆಸಿದವರೇ ಮೊದಲಿನಿಂದಲೂ ಹಕ್ಕುದಾರರು ಅಂತ ಆಗಿಬಿಟ್ಟರೆ ಆ ದಾರಿಯೂ ಬಂದ್. ಇಂಥದ್ದನ್ನೆಲ್ಲ ಅದೃಷ್ಟದ ಪಾರ್ಟಿಯವರು ಓದುವುದಿಲ್ಲ, ಅವರಿಗೆ ನನ್ನ ಜೊತೆ ಸೆಲ್ಫಿ ಬೇಕು ಅಷ್ಟೇ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡು ಷರತ್ತು. ಒಂದು, ಅವರಿಗೆ 'ತೃಪ್ತಿ' ಆಗುವವರೆಗೆ ನಾನು ತಿದ್ದುತ್ತಲೇ ಇರಬೇಕು. ಎಷ್ಟು ಸಲ? ಬರೆದಿಲ್ಲ. ಎರಡು, ಕರಡು ಬೇಡ ಅನಿಸಿದರೆ ಉಳಿದ ಹಣ ಕೊಡಬೇಕಿಲ್ಲ, ಆದರೆ ನಾನು ಬರೆದದ್ದೆಲ್ಲ ಅವರದೇ. ಅಂದರೆ ನನ್ನನ್ನು ಕಳಿಸಿ, ನನ್ನ ಪುಟ ಇಟ್ಟುಕೊಂಡು, ಇನ್ನೊಬ್ಬ ಅದೃಷ್ಟವಂತನನ್ನು ಕರೆಯಬಹುದು!

ನಿನ್ನೆ ರಾತ್ರಿ ಉತ್ತರ ಕಳಿಸಿದ್ದೇನೆ. ತಿದ್ದುವುದು ಎರಡು ಸಲ, ಅದಕ್ಕಿಂತ ಜಾಸ್ತಿಯಾದರೆ ಬೇರೆ ಹಣ. ಕರಡು ಬೇಡವಾದರೂ ಅರ್ಧ ಮೊತ್ತ ನನಗೆ. ಮುಖಪುಟದಲ್ಲಿ ಹೆಸರು. ರಾಯಲ್ಟಿ ಕೇಳಿಲ್ಲ. ಅಕ್ಷರದ ಸೈಜಿನ ಬಗ್ಗೆ ಚೌಕಾಸಿಗೆ ನಾನು ರೆಡಿ, ಉಳಿದದ್ದಕ್ಕೆ ಇಲ್ಲ.