ಕರಿ ಮೇಣದಬತ್ತಿ, ಕನ್ಯಾ ರಾಶಿ

ಎಂಟು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದೆ, ಆ ವರ್ಷ ಅಪ್ಪ ಬಾಡಿಗೆಗೆ ತಂದ ಕ್ಯಾಸೆಟ್ಟೇ ಹೋಕಸ್ ಪೋಕಸ್. 1993ರ ಸಿನಿಮಾ. ಅಕ್ಟೋಬರ್ ಕೊನೇಲಿ ಬರೋ, ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೆ ಚಾಕ್ಲೇಟ್ ಕೇಳೋಕೆ ಹೋಗೋ ಹ್ಯಾಲೋವೀನ್ ಹಬ್ಬದ ಕಥೇನ ಜುಲೈನಲ್ಲಿ ರಿಲೀಸ್ ಮಾಡಿದ್ರಂತೆ, ಆಷಾಢದಲ್ಲಿ ಮದುವೆ ಇಟ್ಕೊಂಡಂಗೆ. ಅಮೆರಿಕಾದ ಸೇಲಂನಲ್ಲಿ 300 ವರ್ಷದ ಹಿಂದೆ ನೇಣಿಗೆ ಹಾಕಿದ್ದ ಮೂರು ಜನ ಮಾಟಗಾತಿ ಅಕ್ಕತಂಗೀರು ಮತ್ತೆ ಎದ್ದು ಬರ್ತಾರೆ, ಅವರ ಪೊರಕೇನ ಯಾರೋ ಹುಡುಗ್ರು ಕದ್ದುಬಿಟ್ಟಿರ್ತಾರೆ, ಅದಕ್ಕೆ ಒಬ್ಳು ವ್ಯಾಕ್ಯೂಮ್ ಕ್ಲೀನರ್ ಹತ್ತಿ ಹಾರ್ತಾಳೆ. ನಾನೂ ಹತ್ತಿದ್ದೆ. ನಮ್ಮನೇದು ಹಾರಲಿಲ್ಲ, ಹ್ಯಾಂಡಲ್ ಮುರೀತು.

ಇದನ್ನ ಏಳು ವರ್ಷದ ಮಗಳಿಗೆ ತೋರಿಸಲೇಬೇಕು ಅಂತ ಹೋದ ತಿಂಗಳು ಹಾಕಿದೆ. ನನಗೆ ವ್ಯಾಕ್ಯೂಮ್ ನೆನಪಿತ್ತು, ಮಾತಾಡೋ ಕರಿಬೆಕ್ಕು ನೆನಪಿತ್ತು. ಆದ್ರೆ ಮಾಟಗಾತೀರು ಏಳ್ಬೇಕು ಅಂದ್ರೆ ಆ ಕರಿ ಮೇಣದಬತ್ತೀನ ಒಬ್ಬ 'ವರ್ಜಿನ್'ನೇ ಹಚ್ಚಬೇಕು ಅನ್ನೋದು ಪೂರ್ತಿ ಮರೆತುಹೋಗಿತ್ತು. ಅದೂ ಒಂದ್ಸಲ ಹೇಳಿ ಬಿಡಲ್ಲ ಪುಣ್ಯಾತ್ಮರು, ಸಿನಿಮಾ ಪೂರ್ತಿ ಅದೇ ಮಾತು.

"ಅಮ್ಮಾ, ವರ್ಜಿನ್ ಅಂದ್ರೇನು?"

ನಮ್ಮನೆಯವರು ಪಾಪ್‌ಕಾರ್ನ್ ತರ್ತೀನಿ ಅಂತ ಎದ್ದು ಹೋದ್ರು. ಪಾಪ್‌ಕಾರ್ನ್ ಬಟ್ಲು ಅವರ ಕೈಯಲ್ಲೇ ಇತ್ತು.

"ಅದೂ... ಕನ್ಯೆ ಅಂತ ಕಣೇ. ಅಂದ್ರೆ, ಕನ್ಯಾ ರಾಶಿಯೋರು," ಅಂದೆ. ಆ ಕ್ಷಣಕ್ಕೆ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಕೊಂಡೆ.

ಶನಿವಾರ ಮೈಸೂರಿಗೆ ವಿಡಿಯೋ ಕಾಲ್. ನಮ್ಮತ್ತೆ ಸೊಪ್ಪು ಬಿಡಿಸ್ತಾ ಕೂತಿದ್ರು. "ಅಜ್ಜೀ, ನಮ್ಮನೇಲಿ ಕನ್ಯಾ ರಾಶಿ ಯಾರ್ದು?" ಅಂತ ಕೇಳಿದ್ಳು ಇವಳು. ಮೊಮ್ಮಗಳಿಗೆ ಅಮೆರಿಕಾದಲ್ಲೂ ರಾಶಿ ನಕ್ಷತ್ರದ ಮೇಲೆ ಆಸಕ್ತಿ ಇದೆಯಲ್ಲಾ ಅಂತ ಅವರಿಗೆ ಖುಷಿಯೋ ಖುಷಿ. "ನಿಮ್ಮಪ್ಪಂದೇ ಕಣಮ್ಮಾ, ಹಸ್ತಾ ನಕ್ಷತ್ರ, ಕನ್ಯಾ ರಾಶಿ." ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಕ್ಟೋಬರ್ 31, ಸಂಜೆ. ಮೂರು ಗಂಟೆ ಕೂತು ಕೊರೆದ ಕುಂಬಳಕಾಯಿ, ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ, ಮೆಟ್ಟಿಲ ಮೇಲೆ ಇಟ್ಟಿದ್ವಿ. ಎದುರು ಮನೆ ದಂಪತಿ ಮಕ್ಕಳನ್ನ ಕರ್ಕೊಂಡು ಚೀಲ ಹಿಡ್ಕೊಂಡು ನಿಂತಿದ್ರು. ಒಳಗಿನ ಮೇಣದಬತ್ತಿ ಹಚ್ಚೋಕೆ ನಮ್ಮನೆಯವರು ಲೈಟರ್ ಹಿಡ್ದು ಬಗ್ಗಿದ್ದೇ ತಡ, ಮಗಳು ಬೀದಿ ಪೂರ್ತಿ ಕೇಳೋ ಹಾಗೆ ಕಿರುಚಿದ್ಳು: "ಅಪ್ಪಾ, ಡೋಂಟ್ ಲೈಟ್ ಇಟ್! ಯೂ ಆರ್ ಎ ವರ್ಜಿನ್!"

ಎದುರು ಮನೆಯಾತ ಇವರನ್ನ ನೋಡಿದ. ಆಮೇಲೆ ಮಗಳನ್ನ ನೋಡಿದ. ಆಮೇಲೆ, ನಿಧಾನಕ್ಕೆ, ನನ್ನ ನೋಡಿದ.

ಇವರು ಲೈಟರ್ ನನ್ನ ಕೈಗಿಟ್ಟು, "ನಿಂದು ವೃಶ್ಚಿಕ ತಾನೇ, ನೀನೇ ಹಚ್ಚು" ಅಂತ ಒಳಗೆ ಹೋದೋರು ಚಾಕ್ಲೇಟ್ ಹಂಚೋಕೂ ಆಚೆ ಬರಲಿಲ್ಲ.