ಹಸು ನಂದು, ಕರು ನಂದು, ಕರುವಿನ ಫೋಟೋನೂ ನಂದೇ

ಮಧ್ಯಯುಗದ ಹಸ್ತಪ್ರತಿಗಳ ಮೇಲೆ ರಿಸರ್ಚ್ ಮಾಡೋರು ಯಾರಾದ್ರೂ ಪುಸ್ತಕ ಬರೆದು ಮುಗಿಸಿದ್ರು ಅಂತ ಗೊತ್ತಾದ್ರೆ ತಕ್ಷಣ ಕಂಗ್ರಾಟ್ಸ್ ಹೇಳೋಕೆ ಓಡ್ಬೇಡಿ, ಪಾಪ ಅವರಿನ್ನೂ ಫಾರ್ಮ್ ತುಂಬ್ತಾ ಇರ್ತಾರೆ. 12ನೇ ಶತಮಾನದ ಒಂದೇ ಒಂದು ಪುಟದ ಫೋಟೋ ಅಚ್ಚು ಹಾಕಿಸ್ಬೇಕು ಅಂದ್ರೂ ಆ ಪುಟ ಇಟ್ಕೊಂಡಿರೋ ಲೈಬ್ರರಿಗೆ ಅರ್ಜಿ ಗುಜರಾಯಿಸ್ಬೇಕು. ಎಷ್ಟು ಕಾಪಿ ಅಚ್ಚಾಗುತ್ತೆ, ಯಾವ ಭಾಷೆ, ಯಾವ್ಯಾವ ದೇಶದಲ್ಲಿ ಮಾರ್ತೀರಿ, ಚಿತ್ರ ಕಾಲು ಪುಟಾನೋ ಅರ್ಧ ಪುಟಾನೋ, ಮುಖಪುಟಕ್ಕೆ ಹಾಕ್ತೀರಾ, ಇ-ಬುಕ್ ಬರುತ್ತಾ, ಬಂದ್ರೆ ಅದಕ್ಕೆ ಬೇರೆ ದುಡ್ಡು, ಆಮೇಲೆ ಲೈಸೆನ್ಸ್ ಎಷ್ಟು ವರ್ಷಕ್ಕೆ ಬೇಕು. ಈ ಕೊನೇ ಪ್ರಶ್ನೆ ನೋಡಿದಾಗೆಲ್ಲ ನಂಗೆ ಡೌಟು, ಲೈಸೆನ್ಸ್ ಮುಗಿದ ದಿನ ಏನ್ಮಾಡ್ಬೇಕು? ಪುಸ್ತಕ ತಗೊಂಡೋರ ಮನೆಮನೆಗೂ ಹೋಗಿ ಆ ಪುಟ ಹರ್ಕೊಂಡು ಬರ್ಬೇಕಾ?

ಅಂದ್ಹಾಗೆ ಆ ಪುಟ ಬರೆದ ಪುಣ್ಯಾತ್ಮ ಸತ್ತು 800 ವರ್ಷ ಆಯ್ತು. ಹೆಸರೂ ಉಳಿದಿಲ್ಲ. ಬಹಳ ದೇಶಗಳಲ್ಲಿ ಲೇಖಕ ಸತ್ತು 70 ವರ್ಷ ಆದ್ರೆ ಕಾಪಿರೈಟೂ ಸತ್ತ ಹಾಗೆ, ಆ ಲೆಕ್ಕದಲ್ಲಿ ಈ ಮನುಷ್ಯಂದು ಹತ್ತು ಸಲಕ್ಕಿಂತ ಜಾಸ್ತಿ ಸತ್ತಿರ್ಬೇಕು. ಆದ್ರೂ ಫೋಟೋ ಕೆಳಗೆ ಒಂದು ಸಣ್ಣ ವೃತ್ತ, ಒಳಗೊಂದು ಸಿ, ಪಕ್ಕದಲ್ಲಿ ಲೈಬ್ರರಿ ಹೆಸರು. ಸಾಧನೆ ಏನಪ್ಪಾ ಅಂದ್ರೆ ಪುಟ ಅಗಲ ಮಾಡಿ ಕ್ಯಾಮೆರಾ ಬಟನ್ ಒತ್ತಿದ್ದು.

ಕೋರ್ಟುಗಳಿಗೆ ಇದು ಅರ್ಥ ಆಗಿಲ್ಲ ಅಂತಲ್ಲ. ಹಳೇ ಪೇಂಟಿಂಗನ್ನ ಇದ್ದಂಗೇ ಫೋಟೋ ತೆಗೆದ್ರೆ ಅದರಲ್ಲಿ ನಿಮ್ಮ ಸೃಷ್ಟಿ ಏನೂ ಇಲ್ಲ ಅಂತ ನ್ಯೂಯಾರ್ಕಿನ ಕೋರ್ಟು 1999ರಲ್ಲೇ ಹೇಳಿತು. ಕಾಪಿರೈಟ್ ಮುಗಿದ ಕಲಾಕೃತಿಯ ಬರೀ ನಕಲಿಗೆ ಹೊಸ ಕಾಪಿರೈಟ್ ಇಲ್ಲ ಅಂತ ಯುರೋಪಿಯನ್ ಯೂನಿಯನ್ 2019ರಲ್ಲಿ ನಿಯಮ ಮಾಡ್ತು. ಬ್ರಿಟನ್ನಿನ ಮೇಲ್ಮನವಿ ಕೋರ್ಟೂ 2023ರಲ್ಲಿ, ಸ್ವಂತ ಬುದ್ಧಿಯ ಗುರುತು ಇಲ್ಲದ ಕೆಲಸಕ್ಕೆ ಕಾಪಿರೈಟ್ ಇಲ್ಲ ಅನ್ನೋ ಅರ್ಥದಲ್ಲೇ ಹೇಳ್ತು. ಸರಿ, ಫಾರ್ಮ್ ಸಾಯ್ತಾ? ಎಲ್ಲಿ ಸಾಯುತ್ತೆ, ವೇಷ ಬದಲಾಯಿಸ್ತು. ಈಗ ಅದು ಕಾಪಿರೈಟ್ ಅಲ್ವಂತೆ, 'ಬಳಕೆಯ ಷರತ್ತು' ಅಂತೆ. ಇಟಲಿ ಇನ್ನೂ ಜಾಣ ದೇಶ, ಕಾಪಿರೈಟ್ ಗೊಡವೆನೇ ಬೇಡ ಅಂತ ಪರಂಪರೆ ಕಾಯ್ದೆ ಹಿಡ್ಕೊಂಡು 2023ರಲ್ಲಿ ಫೋಟೋಗಳಿಗೆ ಕನಿಷ್ಠ ದರದ ಪಟ್ಟಿನೇ ಹೊರಡಿಸಿತು. ವಿದ್ವಾಂಸರು ಬಾಯಿ ಬಡ್ಕೊಂಡ ಮೇಲೆ ಮರುವರ್ಷ ಸ್ವಲ್ಪ ಸಡಿಲ ಬಿಡ್ತು ಅನ್ನಿ.

ಇದೆಲ್ಲ ಹೊಸ ರೋಗ ಅಂದ್ಕೋಬೇಡಿ. ಐರ್ಲೆಂಡಿನಲ್ಲೊಂದು ಹಳೇ ಐತಿಹ್ಯ ಇದೆ, 6ನೇ ಶತಮಾನದಲ್ಲಿ ನಡೆದಿದ್ದು ಅಂತಾರೆ. ಕೊಲಂಬಾ ಅನ್ನೋ ಸನ್ಯಾಸಿ ತನ್ನ ಗುರು ಫಿನಿಯನ್ ಹತ್ರ ಇದ್ದ ಕೀರ್ತನೆಗಳ ಪುಸ್ತಕವನ್ನ ಹೇಳ್ದೆ ಕೇಳ್ದೆ ರಾತ್ರಿ ಕೂತು ನಕಲು ಮಾಡಿಬಿಟ್ನಂತೆ. ಗುರುಗಳಿಗೆ ಗೊತ್ತಾಗಿ, ಪುಸ್ತಕ ನಂದು ಅಂದ್ಮೇಲೆ ನಕಲೂ ನಂದೇ ಕೊಡು ಅಂದ್ರು, ಇವ್ನು ಕೊಡಲ್ಲ ಅಂದ, ಕೇಸು ದೊರೆ ಡಿಯರ್ಮಡ್ ಮುಂದೆ ಹೋಯ್ತು. ದೊರೆ ಕೊಟ್ಟ ತೀರ್ಪು: ಹಸು ಯಾರದ್ದೋ ಕರು ಅವರದ್ದು, ಪುಸ್ತಕ ಯಾರದ್ದೋ ನಕಲು ಅವರದ್ದು. (ಆ ಕಾಲದ ಎಷ್ಟೋ ಪುಸ್ತಕ ಕರುವಿನ ಚರ್ಮದ ಮೇಲೇ ಬರೆದಿದ್ದು, ಹಾಗಾಗಿ ದೊರೆ ಉಪಮೆ ಹೇಳಿದ್ನೋ ಪಂಚನಾಮೆ ಬರೆಸಿದ್ನೋ ಹೇಳೋದು ಕಷ್ಟ.) ಈ ಜಗಳನೇ ಬೆಳೆದು 561ರ ಸುಮಾರಿಗೆ ಒಂದು ಯುದ್ಧ ಆಯ್ತು ಅಂತಾರೆ. ಒಂದು ಜೆರಾಕ್ಸಿಗೆ ಯುದ್ಧ! ಈಗಿನ ಲೈಬ್ರರಿಗಳು ಬರೀ ರಿಮೈಂಡರ್ ಇಮೇಲ್ ಕಳಿಸ್ತವೆ, ಅಷ್ಟರಮಟ್ಟಿಗೆ ನಾಗರಿಕತೆ ಮುಂದುವರೆದಿದೆ.

ಮಜಾ ಇರೋದು ಆಮೇಲೆ. ಆ ಕಳ್ಳ ನಕಲು ಇದೇ ಅಂತ ಪರಂಪರೆ ತೋರಿಸೋ ಪುಸ್ತಕ ಇವತ್ತಿಗೂ ಡಬ್ಲಿನ್ನಿನ ರಾಯಲ್ ಐರಿಶ್ ಅಕಾಡೆಮಿಯಲ್ಲಿದೆ, 58 ಹಾಳೆ ಉಳಿದಿವೆ, ಐರ್ಲೆಂಡಿನಲ್ಲಿ ಉಳಿದಿರೋ ತೀರಾ ಹಳೇ ಹಸ್ತಪ್ರತಿಗಳಲ್ಲಿ ಅದೂ ಒಂದು. ಕೊಲಂಬಾನೇ ಕೈಯಾರೆ ಬರೆದಿದ್ದಾ ಅಂತ ವಿದ್ವಾಂಸರು ಕಿತ್ತಾಡ್ಕೊಳ್ಳಲಿ, ಅವರ ಕೆಲಸ ಅದು. ಗುರುಗಳ ಒರಿಜಿನಲ್ ಎಲ್ಲಿ ಅಂತ ಕೇಳಿ ನೋಡಿ. ಪತ್ತೆ ಇಲ್ಲ. ಹಸು ಯಾವತ್ತೋ ಹೋಯ್ತು, ಕರು ಮಾತ್ರ ಸಾವಿರದ ನಾನೂರು ವರ್ಷ ಬದುಕಿದೆ, ಅದೂ ಕೋರ್ಟ್ ಆರ್ಡರ್ ಇದ್ರೂನು.

ಅಂದ್ರೆ ಪರ್ಮಿಷನ್ ಕೇಳಿದೋರಿಗಿಂತ ಸುಮ್ನೆ ನಕಲು ಹೊಡೆದೋರೇ ಪುಸ್ತಕಗಳನ್ನ ಉಳಿಸಿರೋದು. 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸಿಗೆ ಬೆಂಕಿ ಬಿತ್ತು, ಒಳಗೆ ರಾಬರ್ಟ್ ಕಾಟನ್ ಅನ್ನೋ ಸಂಗ್ರಾಹಕ ಕೂಡಿಟ್ಟಿದ್ದ ಹಸ್ತಪ್ರತಿಗಳು. 'ಬೇವುಲ್ಫ್' ಅನ್ನೋ ಹಳೇ ಇಂಗ್ಲಿಷ್ ಕಾವ್ಯಕ್ಕೆ ಇಡೀ ಜಗತ್ತಲ್ಲಿ ಇರೋದೇ ಒಂದು ಪ್ರತಿ, ಅದರ ಅಂಚೆಲ್ಲ ಸುಟ್ಟು, ಆಮೇಲೆ ಹಪ್ಪಳದ ಥರ ಉದುರ್ತಾ ಬಂತು. 1780ರ ದಶಕದಲ್ಲಿ ಥಾರ್ಕೆಲಿನ್ ಅನ್ನೋ ವಿದ್ವಾಂಸ ಒಂದು ನಕಲು ತಾನು ಮಾಡ್ಕೊಂಡ, ಇನ್ನೊಂದನ್ನ ಆ ಹಳೇ ಇಂಗ್ಲಿಷ್ ಬಾರದ ಒಬ್ಬ ಗುಮಾಸ್ತನ ಕೈಲಿ ಮಾಡಿಸ್ದ. ಮೂಲದಲ್ಲಿ ಆಮೇಲೆ ಉದುರಿಹೋದ ಅಕ್ಷರ ಏನಿತ್ತು ಅಂತ ಇವತ್ತು ದೊಡ್ಡ ದೊಡ್ಡ ಪ್ರೊಫೆಸರ್‌ಗಳು ನೋಡೋದು ಆ ನಕಲುಗಳನ್ನೇ. ಏನೂ ಅರ್ಥ ಆಗ್ದೆ ಕಂಡಿದ್ದನ್ನ ಕಂಡಂಗೆ ಬರೆದ ಗುಮಾಸ್ತ ಅಷ್ಟು ದೊಡ್ಡ ಉಪಕಾರ ಮಾಡಿದಾನೆ, ಇಮ್ಯಾಜಿನ್ ಮಾಡಿ, ಅವ್ನಿಗೂ ಫಾರ್ಮ್ ಕೊಟ್ಟಿದ್ರೆ? 'ಮಾಲ್ಡನ್ ಯುದ್ಧ' ಅನ್ನೋ ಪದ್ಯದ ಹಾಳೆಗಳಂತೂ ಅದೇ ಬೆಂಕಿಗೆ ಪೂರ್ತಿ ಬೂದಿ, ನಮಗೆ ಸಿಕ್ಕಿರೋದು ಅದಕ್ಕೂ ಮುಂಚೆ ಯಾರೋ ಬರೆದಿಟ್ಕೊಂಡಿದ್ದ ನಕಲಿನಿಂದ. ಹೆರಾಡ್ ಅನ್ನೋ ಮಠಾಧಿಕಾರಿಣಿ 12ನೇ ಶತಮಾನದಲ್ಲಿ ಮಾಡಿಸಿದ್ದ ಚಿತ್ರಗಳ ಮಹಾಗ್ರಂಥ 1870ರ ಯುದ್ಧದಲ್ಲಿ ಸ್ಟ್ರಾಸ್‌ಬರ್ಗ್ ಲೈಬ್ರರಿ ಜೊತೆ ಸುಟ್ಟುಹೋಯ್ತು, ಆ ಚಿತ್ರಗಳು ಹೇಗಿದ್ವು ಅಂತ ಗೊತ್ತಾಗೋದೂ ನಕಲಿಂದಾನೇ.

ಬೆಂಕಿ ಕಾಲ ಹೋಯ್ತು, ಈಗ ಡಿಜಿಟಲ್ ಅಂತೀರಾ? 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ, ಫೈಲುಗಳನ್ನ ಒತ್ತೆ ಇಟ್ಕೊಂಡು ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ದಾಳಿ ಆಯ್ತು. ಜಗತ್ತಿನ ಯಾವ ಮೂಲೆಯಲ್ಲಿ ಕೂತ್ರೂ ನೋಡಬಹುದಾಗಿದ್ದ ಹಸ್ತಪ್ರತಿ ಚಿತ್ರಗಳು ರಾತ್ರೋರಾತ್ರಿ ಮಾಯ, ತಿಂಗಳುಗಟ್ಟಲೆ ವಾಪಸ್ ಬರಲಿಲ್ಲ. ಮೂಲ ಹಾಳೆಗಳು ಕಪಾಟಲ್ಲಿ ಆರಾಮಾಗೇ ಇದ್ವು, ಸತ್ತಿದ್ದು ಸರ್ವರ್. ಆವಾಗ ಹೀರೋ ಆದೋರು ಯಾರು? ಬರೀ ನೋಡೋಕೆ ಅಂತ ಇಟ್ಟಿದ್ದನ್ನ ಸದ್ದಿಲ್ದೆ ಸೇವ್ ಮಾಡ್ಕೊಂಡು, ಡೆಸ್ಕ್‌ಟಾಪಲ್ಲಿ 'ಹೊಸ ಫೋಲ್ಡರ್ 7' ಅಂತ ಇಟ್ಕೊಂಡಿದ್ದ ಶಿಸ್ತಿಲ್ಲದ ಪಿಎಚ್‌ಡಿ ಹುಡುಗ್ರು.

ಎಲ್ಲ ಲೈಬ್ರರಿನೂ ಒಂದೇ ಥರ ಅಲ್ಲ, ಆ ನ್ಯಾಯಾನೂ ಹೇಳ್ಬೇಕು. ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂ ತನ್ನ ಹಸ್ತಪ್ರತಿ ಚಿತ್ರಗಳನ್ನ ತಗೊಂಡ್ಹೋಗಿ ಅಂತ ಸುಮ್ನೆ ಇಟ್ಟಿದೆ. ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಮ್ಮೋರು 2013ರಿಂದ ಕಾಪಿರೈಟ್ ಮುಗಿದಿದ್ದನ್ನ ಫ್ರೀಯಾಗಿ ಬಿಡೋಕೆ ಶುರು ಮಾಡಿದ್ರು. ಆಕಾಶ ಏನೂ ಕಳಚಿ ಬೀಳಲಿಲ್ಲ. ವ್ಯಾಟಿಕನ್ ಲೈಬ್ರರಿಯೋರು ನೋಡೋಕೆ ಬಿಡ್ತಾರೆ, ಆದ್ರೆ ಪುಟದ ಮೇಲೆ ವಾಟರ್‌ಮಾರ್ಕ್. ಸಾವಿರ ವರ್ಷ ಹುಳ, ನೀರು, ಯುದ್ಧ ಎಲ್ಲ ತಪ್ಪಿಸ್ಕೊಂಡು ಬಂದ ಅಕ್ಷರ ಓದೋಕೆ ಕೊನೆಗೂ ಅಡ್ಡ ಬಂದಿದ್ದು ಅದನ್ನ ಕಾಪಾಡ್ತಿರೋರ ಮುದ್ರೆನೇ.

ಇಷ್ಟೆಲ್ಲ ಬೈದ್ಮೇಲೆ ವಿದ್ವಾಂಸರನ್ನ ಸುಮ್ನೆ ಬಿಟ್ರೆ ತಪ್ಪಾಗುತ್ತೆ. ಹಳೇ ಲಿಪಿಕಾರರು ನಕಲು ಮುಗಿಸಿ ಕೊನೇ ಪುಟದಲ್ಲಿ, ಬರೆದು ಮುಗೀತು, ಕ್ರಿಸ್ತನ ಹೆಸರಲ್ಲಿ ಕುಡಿಯೋಕೆ ಏನಾದ್ರೂ ಕೊಡಿ ಅಂತ ಬರೀತಿದ್ರು, ಅಷ್ಟೇ ಅವರ ರಾಯಲ್ಟಿ. ನಮ್ಮ ವಿದ್ವಾಂಸರು ಲೈಬ್ರರಿಗಳ ದುರಾಸೆ ಬಗ್ಗೆ ಸೆಮಿನಾರಲ್ಲಿ ಕಣ್ಣೀರು ಹಾಕಿ ಬಂದು, ಅದೇ ಹಸ್ತಪ್ರತಿಯನ್ನ ವರ್ಷಗಟ್ಟಲೆ ಕೂತು ಅಕ್ಷರ ಅಕ್ಷರ ಓದಿ ತೆಗೆದ ಪಠ್ಯವನ್ನ ಪಬ್ಲಿಷರ್‌ಗೆ ಕಾಪಿರೈಟ್ ಸಮೇತ ಬರೆದುಕೊಡ್ತಾರೆ. ಆ ಪಬ್ಲಿಷರ್ ಅದನ್ನ ಪೇವಾಲ್, ಅಂದ್ರೆ ದುಡ್ಡು ಕೊಟ್ರೆ ಮಾತ್ರ ತೆರೆಯೋ ಗೋಡೆ, ಹಿಂದೆ ಇಟ್ಟು ಬೀಗ ಹಾಕಿದ್ಮೇಲೆ, ಲೇಖಕರಿಗೇ ಓದೋಕೆ ಆಗಲ್ಲ. ಪಿಡಿಎಫ್ ಇದ್ಯಾ ಸರ್ ಅಂತ ಇಮೇಲ್ ಹಾಕಿ ನೋಡಿ. ಯೂನಿವರ್ಸಿಟಿ ಐಡಿಯಿಂದ, ಕ್ಷಮಿಸಿ ಪ್ರಕಾಶಕರ ಒಪ್ಪಿಗೆ ಇಲ್ಲ ಅಂತ ಗಂಭೀರವಾದ ಉತ್ತರ ಬರುತ್ತೆ. ಹತ್ತು ನಿಮಿಷ ಕಾಯಿರಿ, ಪರ್ಸನಲ್ ಐಡಿಯಿಂದ ಅಟ್ಯಾಚ್‌ಮೆಂಟ್ ಬರುತ್ತೆ, ಸಬ್ಜೆಕ್ಟ್ ಲೈನ್ ಖಾಲಿ.