ಸತ್ಯಾಂಶ: 2016ರಲ್ಲಿ ಅಮೆರಿಕದ ಸಮೀಕ್ಷೆಗಳೆಲ್ಲ ಸುಳ್ಳಾದವೇ?

‘ಹಿಲರಿ ಗೆಲ್ತಾರೆ ಅಂದ್ರು, ಟ್ರಂಪ್ ಗೆದ್ರು. ಸಮೀಕ್ಷೆಗಳೆಲ್ಲ ಬೋಗಸ್’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ತಿರುಗುತ್ತದೆ. ಮೊದಲರ್ಧ ನಿಜ. ತೀರ್ಮಾನ ಮಾತ್ರ ದುಡುಕಿನದು.

ಕೊನೆಯ ದಿನಗಳ ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿಯಲ್ಲಿ ಹಿಲರಿ ಕ್ಲಿಂಟನ್‌ಗೆ ಶೇ 3ರಷ್ಟು ಮುನ್ನಡೆ ಇತ್ತು. ಎಣಿಕೆ ಮುಗಿದಾಗ ದೇಶದ ಒಟ್ಟು ಮತಗಳಲ್ಲಿ ಅವರು ಶೇ 2.1ರಷ್ಟು, ಅಂದರೆ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರು. ಇಷ್ಟು ಹತ್ತಿರ ಬಂದದ್ದನ್ನು ಬೋಗಸ್ ಎನ್ನುವುದು ಹೇಗೆ?

ಎಡವಿದ್ದು ಬೇರೆಡೆ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಒಟ್ಟು ಮತವಲ್ಲ. ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು; ಬಹುತೇಕ ರಾಜ್ಯಗಳಲ್ಲಿ ಅಲ್ಪ ಅಂತರದಲ್ಲಿ ಗೆದ್ದರೂ ಆ ರಾಜ್ಯದ ಎಲೆಕ್ಟೋರಲ್ ಮತಗಳೆಲ್ಲ ಗೆದ್ದವರಿಗೇ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಟ್ರಂಪ್‌ಗೆ ಸಿಕ್ಕ ಅಂತರ 80 ಸಾವಿರಕ್ಕೂ ಕಡಿಮೆ. ಅಲ್ಲಿನ ಹಲವು ರಾಜ್ಯಮಟ್ಟದ ಸಮೀಕ್ಷೆಗಳು ಟ್ರಂಪ್ ಕಡೆ ಹೆಚ್ಚು ವಾಲಿದ್ದ, ಕಾಲೇಜು ಓದದ ಮತದಾರರಿಗೆ ಲೆಕ್ಕದಲ್ಲಿ ಸರಿಯಾದ ತೂಕ ಕೊಟ್ಟಿರಲಿಲ್ಲ.

ಹಾಗಂತ ರಾಷ್ಟ್ರೀಯ ಸಮೀಕ್ಷೆ ವೇದವಾಕ್ಯವೂ ಅಲ್ಲ. 2020ರಲ್ಲಿ ಬೈಡನ್ ಗೆದ್ದರು, ಸಮೀಕ್ಷೆ ‘ನಿಜವಾಯಿತು’ ಎಂದು ಹಲವರು ಸುಮ್ಮನಾದರು. ಆದರೆ ಅವರ ಮುನ್ನಡೆಯ ಅಂದಾಜು ತಪ್ಪಿದ ಪ್ರಮಾಣ 2016ಕ್ಕಿಂತ ದೊಡ್ಡದಿತ್ತು!